ಪ್ಯಾಪ್ ವರದಿಯಲ್ಲಿ ‘ಅಸಹಜ’ ಎಂದು ಬಂದರೆ

ಓದುಗರ ಪ್ರಶ್ನೆ, ಸ್ತ್ರೀರೋಗ ತಜ್ಞೆಯ ಉತ್ತರ

ಗರ್ಭಕಂಠದ ಕ್ಯಾನ್ಸರ್ ತಪಾಸಣೆಯ ಕುರಿತು ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಪರೀಕ್ಷೆ ಮುಗಿದ ಮೇಲೆ ಕೈಗೆ ಬಂದ ವರದಿಯನ್ನು ಹೇಗೆ ಅರ್ಥಮಾಡಿಕೊಳ್ಳಬೇಕು ಎಂದು ಕೇಳಿವೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟುಗೂಡಿಸಿ, ಕೇಳಿದವರ ಹೆಸರು ಕೈಬಿಟ್ಟು ಉತ್ತರಿಸಿದ್ದೇನೆ.

ಪ್ರಶ್ನೆ: ನನಗೆ 36 ವರ್ಷ, ಇಬ್ಬರು ಮಕ್ಕಳು. ಯಾವ ತೊಂದರೆಯೂ ಇಲ್ಲದಿದ್ದರೂ ಕಚೇರಿಯ ಆರೋಗ್ಯ ತಪಾಸಣೆಯ ಜೊತೆಗೆ ಪ್ಯಾಪ್ ಸ್ಮಿಯರ್ ಮಾಡಿಸಿದೆ. ವರದಿಯಲ್ಲಿ ‘ಎಎಸ್‌ಸಿ-ಯುಎಸ್’ ಎಂದು ಬಂದಿದೆ. ಲ್ಯಾಬಿನವರು ಡಾಕ್ಟರಿಗೆ ತೋರಿಸಿ ಎಂದಷ್ಟೇ ಹೇಳಿ ಕಳಿಸಿದರು. ಅಂದಿನಿಂದ ಸರಿಯಾಗಿ ನಿದ್ದೆ ಇಲ್ಲ. ಇದು ಕ್ಯಾನ್ಸರಿನ ಆರಂಭವೇ?
– ಓದುಗರು, ದಾವಣಗೆರೆ

ಉತ್ತರ: ಅಲ್ಲ. ಈ ಒಂದು ಪದವನ್ನು ಮೊದಲು ಹೇಳಿಬಿಟ್ಟು ಆಮೇಲೆ ವಿವರಕ್ಕೆ ಬರುತ್ತೇನೆ.

ಗರ್ಭಕೋಶದ ಕೆಳತುದಿ, ಯೋನಿಯೊಳಕ್ಕೆ ಚಾಚಿಕೊಂಡಿರುವ ಭಾಗವೇ ಗರ್ಭಕಂಠ. ಅದರ ಹೊರಮೈಯನ್ನು ಚಪ್ಪಟೆ ಕೋಶಗಳ ಹಲವು ಪದರಗಳೂ ಒಳನಾಳವನ್ನು ಕಂಬದಾಕಾರದ ಕೋಶಗಳ ಒಂದೇ ಪದರವೂ ಹೊದ್ದಿರುತ್ತವೆ. ಇವೆರಡೂ ಸೇರುವ ಅಂಚಿನಲ್ಲಿ, ಹೆಣ್ಣು ಪ್ರಾಯಕ್ಕೆ ಬಂದಾಗಿನಿಂದ, ಒಂದು ಬಗೆಯ ಕೋಶ ಇನ್ನೊಂದಾಗಿ ಮಾರ್ಪಡುತ್ತಲೇ ಇರುತ್ತದೆ. ಎಚ್‌ಪಿವಿ ಎಂಬ ವೈರಸ್ ನೆಲೆಯೂರುವುದು ಮುಖ್ಯವಾಗಿ ಈ ಅಂಚಿನಲ್ಲಿ; ಕ್ಯಾನ್ಸರ್ ಹುಟ್ಟುವುದೂ ಬಹುಮಟ್ಟಿಗೆ ಇಲ್ಲಿಯೇ. ಪ್ಯಾಪ್ ಪರೀಕ್ಷೆಯಲ್ಲಿ ಸಣ್ಣ ಚಮಚದಂಥ ಸಾಧನದಿಂದಲೋ ಬ್ರಷ್‌ನಿಂದಲೋ ಸವರಿ ತೆಗೆಯುವುದು ಈ ಅಂಚಿನ ಕೋಶಗಳನ್ನು.

ಸೂಕ್ಷ್ಮದರ್ಶಕದಲ್ಲಿ ಆ ಕೋಶಗಳನ್ನು ನೋಡುವ ಪೆಥಾಲಜಿಸ್ಟರು ಅವನ್ನು ಬೆಥೆಸ್ಡಾ ಪದ್ಧತಿ ಎಂಬ ಸರ್ವಮಾನ್ಯ ವರ್ಗೀಕರಣದಂತೆ ಹೆಸರಿಸುತ್ತಾರೆ. ಅದರಲ್ಲಿ ಅತ್ಯಂತ ಕೆಳಗಿನ ಮೆಟ್ಟಿಲು ನಿಮ್ಮ ವರದಿಯಲ್ಲಿರುವುದು. ವೈದ್ಯರ ಬಾಯಲ್ಲಿ ಅದು ‘ಆಸ್ಕಸ್’. ಕೆಲವು ಕೋಶಗಳ ಕೇಂದ್ರ ಎಂದಿಗಿಂತ ತುಸು ದೊಡ್ಡದಾಗಿ ಕಾಣುತ್ತಿದೆ, ಆದರೆ ಅದು ಯಾಕೆಂದು ಈ ಗಾಜಿನ ಪಟ್ಟಿಯೊಂದನ್ನೇ ನೋಡಿ ಹೇಳಲಾಗದು ಎಂಬುದಷ್ಟೇ ಅದರ ತಾತ್ಪರ್ಯ. ಸೋಂಕು, ಉರಿಯೂತ, ಹೆರಿಗೆಯ ನಂತರದ ಬದಲಾವಣೆ, ಮುಟ್ಟು ನಿಂತ ಮೇಲಿನ ಒಣಗುವಿಕೆ, ಇವು ಯಾವುದರಿಂದಲಾದರೂ ಹೀಗೆ ಕಾಣಬಹುದು. ಎಚ್‌ಪಿವಿಯಿಂದಲೂ ಕಾಣಬಹುದು, ಅದಕ್ಕಾಗಿಯೇ ಮುಂದಿನ ಪರೀಕ್ಷೆ ಬೇಕಾಗುವುದು. ಇದರ ಮೇಲಿನ ಮೆಟ್ಟಿಲುಗಳಾದ ‘ಎಲ್‌ಎಸ್‌ಐಎಲ್’ ಸೌಮ್ಯ ಬದಲಾವಣೆಯನ್ನು, ‘ಎಎಸ್‌ಸಿ-ಎಚ್’ ತೀವ್ರ ಬದಲಾವಣೆಯ ಅನುಮಾನವನ್ನು, ‘ಎಚ್‌ಎಸ್‌ಐಎಲ್’ ತೀವ್ರ ಬದಲಾವಣೆಯನ್ನು ಸೂಚಿಸುತ್ತವೆ. ‘ಎಜಿಸಿ’ ಎಂದು ಬಂದರೆ ಅದು ಒಳನಾಳದ ಇಲ್ಲವೇ ಗರ್ಭಕೋಶದ ಒಳಪದರದ ಕೋಶಗಳ ವಿಚಾರ. ಅಪರೂಪವಾದರೂ ಹಗುರವಾಗಿ ಕಾಣುವಂಥದ್ದಲ್ಲ. ಇವುಗಳಲ್ಲಿ ಯಾವುದೂ ತಾನಾಗಿ ಕ್ಯಾನ್ಸರ್ ಎಂಬ ತೀರ್ಮಾನವಲ್ಲ. ಪ್ಯಾಪ್ ಇರುವುದು ಯಾರನ್ನು ಇನ್ನಷ್ಟು ಪರೀಕ್ಷಿಸಬೇಕು ಎಂದು ಆರಿಸುವುದಕ್ಕೆ; ರೋಗ ಯಾವುದೆಂದು ನಿರ್ಧರಿಸುವುದು ಸಣ್ಣ ಚೂರು ತೆಗೆದು ಪರೀಕ್ಷಿಸುವ ಬಯಾಪ್ಸಿ.

ಬಯಾಪ್ಸಿಯ ವರದಿಯಲ್ಲಿ ಬರುವ ಪದ ಬೇರೆ: ಸಿಐಎನ್-1, 2, 3. ಗರ್ಭಕಂಠದ ಹೊದಿಕೆಯ ದಪ್ಪದಲ್ಲಿ ಎಷ್ಟು ಪಾಲು ಕೆಟ್ಟಿದೆ ಎಂಬುದರ ಅಳತೆ ಅದು. ಸಿಐಎನ್-1 ಬಹುಪಾಲು ತಾನಾಗಿಯೇ ಸರಿಹೋಗುತ್ತದೆ, ಅದಕ್ಕೆ ಕತ್ತರಿ ಹಿಡಿಯುವ ಅವಸರ ಬೇಡ. ಸಿಐಎನ್-3 ಹಾಗಲ್ಲ. ನ್ಯೂಜಿಲೆಂಡಿನ ಆಕ್ಲೆಂಡ್ ನಗರದ ಆಸ್ಪತ್ರೆಯೊಂದರಲ್ಲಿ 1960 ಮತ್ತು 70ರ ದಶಕಗಳಲ್ಲಿ ಈ ಹಂತದ ಹಲವು ಮಹಿಳೆಯರನ್ನು, ಅವರಿಗೆ ಸರಿಯಾಗಿ ತಿಳಿಸದೆಯೇ, ಪೂರ್ಣ ಚಿಕಿತ್ಸೆ ಕೊಡದೆ ಬರೀ ಗಮನಿಸುತ್ತ ಇಡಲಾಗಿತ್ತು. ಆ ಅನ್ಯಾಯದ ಬಗ್ಗೆ 1987ರಲ್ಲಿ ಅಲ್ಲಿನ ಸರ್ಕಾರ ವಿಚಾರಣೆ ನಡೆಸಿತು. ಮುಂದೆ ಅದೇ ದಾಖಲೆಗಳನ್ನು ಪರಿಶೀಲಿಸಿದಾಗ, ಚಿಕಿತ್ಸೆ ಸಿಗದವರಲ್ಲಿ ನೂರಕ್ಕೆ ಸುಮಾರು 30 ಮಂದಿಗೆ 30 ವರ್ಷಗಳೊಳಗೆ ಕ್ಯಾನ್ಸರ್ ಬಂದಿತ್ತೆಂದು ತಿಳಿದುಬಂತು. ನಡೆಯಬಾರದಿದ್ದ ಸಂಗತಿಯಿಂದ ನಮಗೆ ದಕ್ಕಿದ ಅರಿವು ಎರಡು ಬಗೆಯದು: ತೀವ್ರ ಹಂತವನ್ನು ಬಿಡಬಾರದು, ಮತ್ತು ತೀವ್ರ ಹಂತವೂ ರಾತ್ರೋರಾತ್ರಿ ಕ್ಯಾನ್ಸರ್ ಆಗುವುದಿಲ್ಲ.

ನೀವಿರುವುದು ಅದಕ್ಕಿಂತ ಬಹಳ ಕೆಳಗಿನ ಮೆಟ್ಟಿಲಿನಲ್ಲಿ. ಈಗ ಎಚ್‌ಪಿವಿ ಡಿಎನ್‌ಎ ಪರೀಕ್ಷೆ ಮಾಡಿಸಿ. ಅದು ನೆಗೆಟಿವ್ ಬಂದರೆ ಮುಂದಿನ ತಪಾಸಣೆ ಮೂರು ವರ್ಷಕ್ಕೆ ಸಾಕು. ಪಾಸಿಟಿವ್ ಬಂದರೆ ಕಾಲ್ಪೊಸ್ಕೋಪಿ, ಅಂದರೆ ದೊಡ್ಡದಾಗಿ ತೋರಿಸುವ ಉಪಕರಣದ ಮೂಲಕ ಗರ್ಭಕಂಠವನ್ನು ನೋಡುವ ಪರೀಕ್ಷೆ, ಬೇಕಾಗುತ್ತದೆ. ಎಚ್‌ಪಿವಿ ಪರೀಕ್ಷೆಯ ಅನುಕೂಲವಿಲ್ಲದಿದ್ದರೆ ಒಂದು ವರ್ಷದ ನಂತರ ಪ್ಯಾಪ್ ಮತ್ತೊಮ್ಮೆ ಮಾಡಿಸಬಹುದು, ಆದರೆ ಆ ಒಂದು ವರ್ಷವನ್ನು ಮರೆಯಬಾರದು. ಅಂದಹಾಗೆ, ನಮ್ಮ ಲ್ಯಾಬುಗಳಲ್ಲಿ ‘ಇನ್‌ಫ್ಲಮೇಟರಿ ಸ್ಮಿಯರ್’ ಎಂಬ ವರದಿ ಇನ್ನೂ ಹೆಚ್ಚು ಸಾಮಾನ್ಯ. ಅದಕ್ಕೆ ಅರ್ಥ ಉರಿಯೂತ ಎಂದಷ್ಟೇ. ತೊಂದರೆಯೇನೂ ಇಲ್ಲದವರಿಗೆ ಅದೊಂದನ್ನೇ ನೋಡಿ ಆ್ಯಂಟಿಬಯಾಟಿಕ್ ಚೀಟಿ ಬರೆದುಕೊಡುವ ಅಭ್ಯಾಸ ನನಗೆ ಸರಿಕಾಣುವುದಿಲ್ಲ.

ಪ್ರಶ್ನೆ: ನನ್ನ ಹೆಂಡತಿಗೆ 41 ವರ್ಷ. ಅವರಿಗೆ ಎಚ್‌ಪಿವಿ 16 ಪಾಸಿಟಿವ್ ಬಂದಿದೆ. ಇದು ಲೈಂಗಿಕ ಸಂಪರ್ಕದಿಂದ ಬರುತ್ತದೆ ಎಂದು ಓದಿದೆ. ನಮ್ಮ ಮದುವೆಯಾಗಿ ಹದಿನೇಳು ವರ್ಷವಾಯಿತು. ನಾನು ಕೇಳಬಾರದ್ದನ್ನು ಕೇಳಿಬಿಟ್ಟೆ, ಈಗ ಮನೆಯಲ್ಲಿ ಮಾತೇ ಇಲ್ಲ. ನನಗೂ ಪರೀಕ್ಷೆ ಬೇಕೇ?
– ಓದುಗರು, ಹುಬ್ಬಳ್ಳಿ

ಉತ್ತರ: ಈ ವೈರಸ್ ಯಾವಾಗ ಬಂತು, ಯಾರಿಂದ ಬಂತು ಎಂಬುದನ್ನು ಪರೀಕ್ಷೆ ಹೇಳಲಾರದು. ಲೈಂಗಿಕ ಜೀವನವಿರುವ ಗಂಡು ಹೆಣ್ಣುಗಳಲ್ಲಿ ಹೆಚ್ಚಿನವರಿಗೆ ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿಯ ಯಾವುದೋ ಒಂದು ಬಗೆ ತಗಲಿರುತ್ತದೆ. ಹತ್ತರಲ್ಲಿ ಸುಮಾರು ಒಂಬತ್ತು ಸಂದರ್ಭಗಳಲ್ಲಿ ದೇಹವೇ ಅದನ್ನು ಎರಡು ವರ್ಷದೊಳಗೆ ಅಡಗಿಸುತ್ತದೆ. ಅಡಗಿದ್ದು ವರ್ಷಗಟ್ಟಲೆ ಸುಮ್ಮನಿದ್ದು ಮತ್ತೆ ಪರೀಕ್ಷೆಯಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಆದ್ದರಿಂದ 41ನೇ ವಯಸ್ಸಿನ ಪಾಸಿಟಿವ್ ವರದಿಗೆ ಎಷ್ಟೋ ವರ್ಷ ಹಿಂದಿನ ಮೂಲ ಇರಬಹುದು, ಆ ಮೂಲ ನೀವೇ ಆಗಿರಲೂಬಹುದು. ನಿಮ್ಮ ಪತ್ನಿಯ ಮೇಲೆ ಅನುಮಾನಪಡುವುದಕ್ಕೆ ಈ ಕಾಗದದಲ್ಲಿ ಯಾವ ಆಧಾರವೂ ಇಲ್ಲ. ಅದನ್ನು ನೀವೇ ಅವರಿಗೆ ಹೇಳುವುದು ಒಳ್ಳೆಯದು, ನನ್ನ ಉತ್ತರವನ್ನು ಓದಲು ಕೊಟ್ಟರೆ ಸಾಲದು.

ಗಂಡಸರಿಗಾಗಿ ವಾಡಿಕೆಯಲ್ಲಿ ಮಾಡುವ ಎಚ್‌ಪಿವಿ ಪರೀಕ್ಷೆ ಇಲ್ಲ, ನಿಮಗೆ ಏನೂ ಬೇಕಾಗಿಲ್ಲ. ಜನನಾಂಗದ ಮೇಲೆ ಗಂಟು, ನರಹುಲಿಯಂಥದ್ದು ಕಂಡರೆ ಮಾತ್ರ ವೈದ್ಯರಿಗೆ ತೋರಿಸಿ. ವೈರಸ್ಸನ್ನೇ ಕೊಲ್ಲುವ ಮಾತ್ರೆಯಾಗಲಿ ಚುಚ್ಚುಮದ್ದಾಗಲಿ ಇಲ್ಲ. ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆಂದು ಮಾರುವ ದುಬಾರಿ ಪುಡಿಗಳಿಗೆ ಹಣ ಸುರಿಯಬೇಡಿ. ತಂಬಾಕು, ಬೀಡಿ ಸಿಗರೇಟು ಮಾತ್ರ ಸೋಂಕು ಉಳಿದುಕೊಳ್ಳಲು ನೆರವಾಗುತ್ತವೆ, ಆದ್ದರಿಂದ ಮನೆಯಲ್ಲಿ ಅವು ಇದ್ದರೆ ಬಿಡಬೇಕು.

ಈಗ ಮುಖ್ಯವಾದದ್ದು. ಎಚ್‌ಪಿವಿಯ ನೂರಕ್ಕೂ ಹೆಚ್ಚು ಬಗೆಗಳಲ್ಲಿ 16 ಮತ್ತು 18 ಎಂಬ ಎರಡೇ ಬಗೆಗಳು ಜಗತ್ತಿನ ಗರ್ಭಕಂಠ ಕ್ಯಾನ್ಸರುಗಳಲ್ಲಿ ಶೇ. 70ರಷ್ಟಕ್ಕೆ ಕಾರಣ. ಬೇರೆ ಬಗೆಗಳು ಪಾಸಿಟಿವ್ ಬಂದು ಪ್ಯಾಪ್ ಚೆನ್ನಾಗಿದ್ದರೆ ಒಂದು ವರ್ಷ ಕಾಯಬಹುದು. 16 ಅಥವಾ 18 ಇದ್ದವರು ಪ್ಯಾಪ್ ಹೇಗೇ ಇರಲಿ ನೇರವಾಗಿ ಕಾಲ್ಪೊಸ್ಕೋಪಿ ಮಾಡಿಸಿಕೊಳ್ಳಬೇಕು. ಅದಕ್ಕೆ ಹೊರರೋಗಿ ವಿಭಾಗವೇ ಸಾಕು, ಅರಿವಳಿಕೆ ಬೇಡ. ಮೊದಲು ತೆಳುವಾದ ಅಸಿಟಿಕ್ ಆಮ್ಲ ಸವರುತ್ತಾರೆ, ಅಸಹಜ ಕೋಶಗಳಿರುವ ಜಾಗ ಬೆಳ್ಳಗಾಗುತ್ತದೆ. ಆಮೇಲೆ ಅಯೋಡಿನ್ ಸವರಿದರೆ ಆರೋಗ್ಯವಂತ ಕೋಶಗಳು ತಮ್ಮಲ್ಲಿರುವ ಗ್ಲೈಕೊಜೆನ್‌ನಿಂದಾಗಿ ಗಾಢ ಕಂದು ಬಣ್ಣ ತಾಳುತ್ತವೆ, ಕೆಟ್ಟ ಭಾಗ ಹಳದಿಯಾಗಿಯೇ ಉಳಿಯುತ್ತದೆ. ಆ ಹಳದಿ ಅಂಚಿನಿಂದ ಅಕ್ಕಿಕಾಳಿನಷ್ಟು ಚೂರು ತೆಗೆದು ಬಯಾಪ್ಸಿಗೆ ಕಳಿಸುತ್ತಾರೆ. ನಿಮ್ಮ ಪತ್ನಿಯ ಜೊತೆ ಆ ದಿನ ನೀವು ಹೋಗಿ.

ಪ್ರಶ್ನೆ: ನನಗೆ 33 ವರ್ಷ, ಕೂಲಿ ಮಾಡುತ್ತೇವೆ. ಬಿಳಿಸೆರಗು ಮತ್ತು ಸೊಂಟನೋವೆಂದು ಹೋದಾಗ ಒಬ್ಬ ಡಾಕ್ಟರು ಸ್ಕ್ಯಾನಿಂಗ್ ಮಾಡಿ, ಗರ್ಭಕೋಶದ ಬಾಯಿ ಹುಣ್ಣಾಗಿದೆ, ಬಿಟ್ಟರೆ ಕ್ಯಾನ್ಸರ್ ಆಗುತ್ತದೆ, ಹೇಗೂ ಮಕ್ಕಳಾಗಿವೆ, ಗರ್ಭಕೋಶ ತೆಗೆಸಿಬಿಡಿ ಎಂದರು. ಅತ್ತೆಯೂ ತೆಗೆಸು ಅನ್ನುತ್ತಾರೆ. ಏನು ಮಾಡಲಿ?
– ಓದುಗರ ಪರವಾಗಿ ಅವರ ತಂಗಿ ಬರೆದದ್ದು, ಕಲಬುರಗಿ ಜಿಲ್ಲೆ

ಉತ್ತರ: ತೆಗೆಸಬೇಡಿ. ಕನಿಷ್ಠಪಕ್ಷ, ನಾನು ಮುಂದೆ ಹೇಳುವ ಪರೀಕ್ಷೆಗಳು ಮುಗಿಯುವವರೆಗೆ ಯಾವ ಒಪ್ಪಿಗೆ ಪತ್ರಕ್ಕೂ ನಿಮ್ಮ ಅಕ್ಕ ಸಹಿಯಾಗಲಿ ಹೆಬ್ಬೆಟ್ಟಾಗಲಿ ಹಾಕಬಾರದು.

ಬಿಳಿಸೆರಗು ಕ್ಯಾನ್ಸರಾಗಿ ತಿರುಗುವುದಿಲ್ಲ. ಅದು ಹೆಚ್ಚಾಗಿ ಸೋಂಕಿನಿಂದ ಬರುವಂಥದ್ದು, ಮಾತ್ರೆಯಿಂದ ವಾಸಿಯಾಗುವಂಥದ್ದು. ‘ಬಾಯಿ ಹುಣ್ಣು’ ಎಂದು ಹೇಳಿ ಹೆದರಿಸುವುದು ಬಹಳ ಸಲ ಹುಣ್ಣೇ ಅಲ್ಲ. ಒಳನಾಳದ ಕೆಂಪು ಕೋಶಗಳು ಗರ್ಭಕಂಠದ ಹೊರಮೈಗೆ ಬಂದಿರುವ ಸಹಜ ಸ್ಥಿತಿ, ಮಕ್ಕಳನ್ನು ಹೆರುವ ವಯಸ್ಸಿನವರಲ್ಲಿ ಸಾಮಾನ್ಯ. ಸ್ಕ್ಯಾನಿಂಗ್‌ನಲ್ಲಿ ಗಡ್ಡೆ, ಗಾತ್ರ ಕಾಣುತ್ತದೆ. ಗರ್ಭಕಂಠದ ಕೋಶಗಳಲ್ಲಿನ ಆರಂಭದ ಬದಲಾವಣೆ ಅದರಲ್ಲಿ ಕಾಣುವುದೇ ಇಲ್ಲ. ಪ್ಯಾಪ್ ಇಲ್ಲದೆ, ಎಚ್‌ಪಿವಿ ಪರೀಕ್ಷೆ ಇಲ್ಲದೆ, ಬಯಾಪ್ಸಿ ಇಲ್ಲದೆ ‘ಬಿಟ್ಟರೆ ಕ್ಯಾನ್ಸರ್’ ಎಂದು ಹೇಳುವವರು ವೈದ್ಯಶಾಸ್ತ್ರ ಹೇಳುತ್ತಿಲ್ಲ. ನಿಮ್ಮ ಜಿಲ್ಲೆಯ ತಾಂಡಾಗಳಲ್ಲಿ ಇಂಥದ್ದೇ ಮಾತು ನಂಬಿ ಗರ್ಭಕೋಶ ಕಳೆದುಕೊಂಡ ಹೆಣ್ಣುಮಕ್ಕಳು ಬೀದಿಗಿಳಿದು ನ್ಯಾಯ ಕೇಳಿದ್ದು ಹಳೆಯ ಸುದ್ದಿಯಲ್ಲ. ಅನಗತ್ಯ ಗರ್ಭಕೋಶ ಶಸ್ತ್ರಚಿಕಿತ್ಸೆಗಳನ್ನು ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ ರೂಪಿಸಿದ ಮಾರ್ಗಸೂಚಿಯನ್ನು ಜಾರಿಗೆ ತರುವಂತೆ ಸುಪ್ರೀಂ ಕೋರ್ಟ್ 2023ರಲ್ಲಿ ಎಲ್ಲ ರಾಜ್ಯಗಳಿಗೆ ಸೂಚಿಸಿದೆ.

ಪರೀಕ್ಷೆಯಲ್ಲಿ ನಿಜಕ್ಕೂ ಸಿಐಎನ್-2 ಅಥವಾ 3 ಬಂದಿತು ಎಂದಿಟ್ಟುಕೊಳ್ಳಿ. ಆಗಲೂ ಮೊದಲ ಚಿಕಿತ್ಸೆ ಗರ್ಭಕೋಶ ತೆಗೆಯುವುದಲ್ಲ. ಕೆಟ್ಟ ಭಾಗವನ್ನು ಬಿಸಿಯಿಂದ ಸುಡುವ ಥರ್ಮಲ್ ಅಬ್ಲೇಶನ್, ಶೀತದಿಂದ ಹೆಪ್ಪುಗಟ್ಟಿಸುವ ಕ್ರಯೋಥೆರಪಿ, ವಿದ್ಯುತ್ ಹರಿಯುವ ತಂತಿಯ ಕುಣಿಕೆಯಿಂದ ಕೆತ್ತಿ ತೆಗೆಯುವ ಲೀಪ್ ಎಂಬ ವಿಧಾನಗಳಿವೆ. ಲೀಪ್ ಅನ್ನು ಆ ಜಾಗಕ್ಕಷ್ಟೇ ಮರಗಟ್ಟುವ ಮದ್ದು ಕೊಟ್ಟು ಕಾಲು ಗಂಟೆಯಲ್ಲಿ ಮುಗಿಸಬಹುದು, ಸಂಜೆಗೆ ಮನೆಗೆ ಹೋಗಬಹುದು. ಕೆಲವು ವಾರ ನೀರಿನಂಥ ಸ್ರಾವ ಇರುತ್ತದೆ. ಮೂರು ನಾಲ್ಕು ವಾರ ಸಂಭೋಗ, ಭಾರ ಎತ್ತುವುದು ಬೇಡ. ಕೆತ್ತಿದ ಚೂರು ಲ್ಯಾಬಿಗೆ ಹೋಗುವುದರಿಂದ ಅಂಚಿನವರೆಗೂ ರೋಗ ಹರಡಿತ್ತೇ ಎಂಬುದೂ ತಿಳಿಯುತ್ತದೆ. ಮುಂದೆ ಮಕ್ಕಳು ಬೇಕೆನ್ನುವವರಿಗೆ ಒಂದು ಮಾತು: ಲೀಪ್ ಆದಮೇಲೆ ಗರ್ಭ ನಿಲ್ಲುವುದಕ್ಕೆ ಅಡ್ಡಿಯಿಲ್ಲ, ಆದರೆ ಆಳವಾಗಿ ಕೆತ್ತಿದ್ದರೆ ಅವಧಿಗೆ ಮೊದಲೇ ಹೆರಿಗೆಯಾಗುವ ಸಾಧ್ಯತೆ ತುಸು ಹೆಚ್ಚು. ಹಾಗಾಗಿ ಚಿಕ್ಕ ವಯಸ್ಸಿನವರಲ್ಲಿ ಸಿಐಎನ್-2 ಇದ್ದರೆ, ಅದರಲ್ಲಿ ಸುಮಾರು ಅರ್ಧದಷ್ಟು ಎರಡು ವರ್ಷದೊಳಗೆ ತಾನಾಗಿ ಇಳಿಯುವುದನ್ನು ಗಮನದಲ್ಲಿಟ್ಟು, ಆರು ತಿಂಗಳಿಗೊಮ್ಮೆ ಪರೀಕ್ಷಿಸುತ್ತ ಕಾಯುವುದೂ ಒಪ್ಪಿತ ದಾರಿ.

33ರಲ್ಲಿ ಗರ್ಭಕೋಶದ ಜೊತೆಗೆ ಅಂಡಾಶಯವನ್ನೂ ತೆಗೆದುಬಿಟ್ಟರೆ ಮೂಳೆ ಸವೆತ, ಹೃದಯದ ತೊಂದರೆ ಬೇಗ ಶುರುವಾಗುತ್ತವೆ. ದುಡಿದು ತಿನ್ನುವ ಹೆಂಗಸಿಗೆ ಅದು ಸಣ್ಣ ನಷ್ಟವಲ್ಲ. ಜಿಲ್ಲಾ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಎರಡನೆಯ ಅಭಿಪ್ರಾಯ ಪಡೆಯಿರಿ, ಇದುವರೆಗಿನ ಎಲ್ಲ ಕಾಗದಗಳನ್ನೂ ಕೇಳಿ ಪಡೆದುಕೊಂಡು ಹೋಗಿ.

ಪ್ರಶ್ನೆ: ನಾನು ಮ್ಯಾಂಚೆಸ್ಟರಿನಲ್ಲಿದ್ದೇನೆ. ಇಲ್ಲಿನ ಎನ್‌ಎಚ್‌ಎಸ್ (ಸರ್ಕಾರಿ ಆರೋಗ್ಯ ಸೇವೆ) ತಪಾಸಣೆಯ ಪತ್ರದಲ್ಲಿ, ಎಚ್‌ಪಿವಿ ಇಲ್ಲ, ಆದ್ದರಿಂದ ಕೋಶಗಳನ್ನು ಪರೀಕ್ಷಿಸಿಲ್ಲ, ಮುಂದಿನ ಕರೆ ಐದು ವರ್ಷಕ್ಕೆ ಎಂದಿದೆ. ಇದು ಖರ್ಚು ಉಳಿಸುವ ಉಪಾಯವಲ್ಲವೇ? ಹಾಸನದಲ್ಲಿರುವ ಅಮ್ಮನಿಗೆ ಇಂಥ ಪತ್ರ ಯಾವತ್ತೂ ಬಂದಿಲ್ಲ.
– ಓದುಗರು, ಬ್ರಿಟನ್

ಉತ್ತರ: ಉಪಾಯವಲ್ಲ, ವಿಜ್ಞಾನ ಮುಂದೆ ಹೋಗಿದೆ. ಹೆಚ್ಚುಕಡಿಮೆ ಎಲ್ಲ ಗರ್ಭಕಂಠ ಕ್ಯಾನ್ಸರಿಗೂ ಎಚ್‌ಪಿವಿಯೇ ಮೂಲವಾದ್ದರಿಂದ, ವೈರಸ್ಸೇ ಇಲ್ಲದವರಲ್ಲಿ ಮುಂದಿನ ಐದು ವರ್ಷಗಳಲ್ಲಿ ತೀವ್ರ ಬದಲಾವಣೆ ಆಗುವ ಸಂಭವ ತೀರಾ ಕಡಿಮೆ. ಒಂದೇ ಒಂದು ಪ್ಯಾಪ್ ಪರೀಕ್ಷೆ ಇಂಥ ಬದಲಾವಣೆಗಳಲ್ಲಿ ಗಣನೀಯ ಪಾಲನ್ನು ತಪ್ಪಿಸಿಕೊಳ್ಳಲು ಬಿಡುತ್ತದೆ. ಎಚ್‌ಪಿವಿ ಪರೀಕ್ಷೆ ಅಷ್ಟು ಬಿಡುವುದಿಲ್ಲ. ಇಂಗ್ಲೆಂಡಿನಲ್ಲಿ 25ರಿಂದ 64 ವಯಸ್ಸಿನವರನ್ನು ಕರೆಯುತ್ತಾರೆ, 50ರೊಳಗಿನವರಿಗೂ ಅಂತರವನ್ನು ಮೂರರಿಂದ ಐದು ವರ್ಷಕ್ಕೆ ಏರಿಸಿದ್ದು 2025ರ ಜುಲೈಯಲ್ಲಿ. ವಿಶ್ವ ಆರೋಗ್ಯ ಸಂಸ್ಥೆಯಂತೂ ಸಾಮಾನ್ಯ ಮಹಿಳೆಯರಿಗೆ 30ರಿಂದ ಆರಂಭಿಸಿ ಐದರಿಂದ ಹತ್ತು ವರ್ಷಕ್ಕೊಮ್ಮೆ ಎಚ್‌ಪಿವಿ ಪರೀಕ್ಷೆ ಸಾಕು ಎನ್ನುತ್ತದೆ. ಎಚ್‌ಐವಿ ಇರುವವರಿಗೆ 25ರಿಂದ, ಮೂರರಿಂದ ಐದು ವರ್ಷಕ್ಕೊಮ್ಮೆ.

ನಿಮ್ಮ ಅಮ್ಮನಿಗೆ ಪತ್ರ ಬಾರದಿರುವುದಕ್ಕೆ ಕಾರಣ, ನಮ್ಮಲ್ಲಿ ಹೆಸರು ಹಿಡಿದು ಕರೆಯುವ ವ್ಯವಸ್ಥೆ ಇಲ್ಲದಿರುವುದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ 30ರಿಂದ 49 ವಯಸ್ಸಿನ ಭಾರತೀಯ ಮಹಿಳೆಯರಲ್ಲಿ ಈ ತಪಾಸಣೆಯನ್ನು ಒಮ್ಮೆಯಾದರೂ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತ ಕಡಿಮೆ. ಊರಿಗೆ ಬಂದಾಗ ನೀವೇ ಅವರನ್ನು ಕರೆದುಕೊಂಡು ಹೋಗಿ.

ಪ್ರಶ್ನೆ: ನಾನು ಆಶಾ ಕಾರ್ಯಕರ್ತೆ. ಆರೋಗ್ಯ ಕೇಂದ್ರದಲ್ಲಿ ವಿಐಎ ಪರೀಕ್ಷೆ ಇದೆ ಎಂದು ಮನೆಮನೆಗೆ ಹೇಳುತ್ತೇನೆ. ನಾಚಿಕೆಯಿಂದ ಬರುವುದಿಲ್ಲ, ಬಂದವರೂ ಪಾಸಿಟಿವ್ ಅಂದರೆ ಮತ್ತೆ ಬರುವುದಿಲ್ಲ. ವಿನೆಗರ್ ಹಚ್ಚಿ ನೋಡುವುದರಿಂದ ನಿಜವಾಗಿ ಪ್ರಯೋಜನ ಇದೆಯೇ ಮೇಡಂ?
– ಓದುಗರು, ಚಾಮರಾಜನಗರ ಜಿಲ್ಲೆ

ಉತ್ತರ: ಪ್ರಯೋಜನ ಇದೆ, ಮಿತಿಯೂ ಇದೆ. ಶೇ. 3ರಿಂದ 5ರಷ್ಟು ಅಸಿಟಿಕ್ ಆಮ್ಲ ಸವರಿ ಒಂದು ನಿಮಿಷ ಕಾದು ಬೆಳಕಿನಲ್ಲಿ ನೋಡುವ ಈ ವಿಧಾನಕ್ಕೆ ಲ್ಯಾಬ್ ಬೇಡ, ಉತ್ತರ ಅಲ್ಲಿಯೇ ಸಿಗುತ್ತದೆ. ಮುಂಬೈನ ಕೊಳೆಗೇರಿಗಳಲ್ಲಿ ಟಾಟಾ ಸ್ಮಾರಕ ಆಸ್ಪತ್ರೆಯವರು ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರಿಂದಲೇ ಎರಡು ವರ್ಷಕ್ಕೊಮ್ಮೆ ಇದನ್ನು ಮಾಡಿಸಿದ ದೊಡ್ಡ ಅಧ್ಯಯನದಲ್ಲಿ ಗರ್ಭಕಂಠ ಕ್ಯಾನ್ಸರಿನ ಸಾವು ಶೇ. 31ರಷ್ಟು ಇಳಿಯಿತು. ಆದರೆ ನಮ್ಮ ಕಲಬುರಗಿ, ಬೀದರಿಗೆ ಹೊಂದಿಕೊಂಡ ಮಹಾರಾಷ್ಟ್ರದ ಉಸ್ಮಾನಾಬಾದ್ (ಈಗಿನ ಧಾರಾಶಿವ) ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವಯಸ್ಸಿನ ಸುಮಾರು 1.3 ಲಕ್ಷ ಮಹಿಳೆಯರ ನಡುವೆ ನಡೆದ, 2009ರಲ್ಲಿ ಪ್ರಕಟವಾದ ಅಧ್ಯಯನ ಬೇರೊಂದನ್ನು ತೋರಿಸಿತು: ಒಂದೇ ಒಂದು ಸಲದ ಎಚ್‌ಪಿವಿ ಪರೀಕ್ಷೆಯಿಂದ ಸಾವು ಅರ್ಧದಷ್ಟು ತಗ್ಗಿತು, ಒಂದು ಸಲದ ವಿಐಎಯಿಂದಲೂ ಪ್ಯಾಪ್‌ನಿಂದಲೂ ಅಂಥ ಸ್ಪಷ್ಟ ಇಳಿಕೆ ಕಾಣಲಿಲ್ಲ. ಹಾಗಾಗಿ ಎಚ್‌ಪಿವಿ ಪರೀಕ್ಷೆ ಪ್ರಾಥಮಿಕ ಆರೋಗ್ಯ ಕೇಂದ್ರದವರೆಗೂ ಬರಬೇಕೆಂಬುದು ನನ್ನ ಖಚಿತ ಅಭಿಪ್ರಾಯ. ಅದಕ್ಕೆ ಬೇಕಾದ ಮಾದರಿಯನ್ನು ಹೆಂಗಸರು ಮರೆಯಲ್ಲಿ ತಾವೇ ತೆಗೆದುಕೊಳ್ಳಬಹುದಾದ್ದರಿಂದ ನೀವು ಹೇಳುವ ನಾಚಿಕೆಗೂ ಅದು ಪರಿಹಾರ.

ಅದು ಬರುವ ತನಕ ವಿಐಎ ಬಿಡಬೇಡಿ. ಸರ್ಕಾರದ ಕಾರ್ಯಕ್ರಮದಂತೆ 30ರಿಂದ 65ರವರೆಗೆ ಐದು ವರ್ಷಕ್ಕೊಮ್ಮೆ ಅದನ್ನು ಮಾಡಬೇಕು. ಮುಟ್ಟು ನಿಂತವರಲ್ಲಿ ಬದಲಾವಣೆಯ ಅಂಚು ಒಳಗೆ ಸರಿದಿರುತ್ತದೆ, ಅವರಲ್ಲಿ ವಿಐಎ ನೆಚ್ಚಲಾಗದು, ಪ್ಯಾಪ್ ಅಥವಾ ಎಚ್‌ಪಿವಿ ಪರೀಕ್ಷೆಗೆ ಕಳಿಸಿ. ಪಾಸಿಟಿವ್ ಬಂದವರು ತಿರುಗಿ ಬರುವುದಿಲ್ಲ ಎಂದಿರಿ, ನಿಜವಾದ ಸೋಲು ಅಲ್ಲಿದೆ. ತಪಾಸಣೆಯಿಂದ ಯಾರ ಜೀವವೂ ಉಳಿಯುವುದಿಲ್ಲ, ಅದರ ನಂತರದ ಚಿಕಿತ್ಸೆಯಿಂದ ಉಳಿಯುತ್ತದೆ. ಬಿಳಿ ಕಲೆ ಕಂಡವರಿಗೆ ‘ಪಾಸಿಟಿವ್’ ಎಂಬ ಒಂದೇ ಪದ ಹೇಳಿ ಕಳಿಸಬಾರದು. ‘ಇದು ಕ್ಯಾನ್ಸರ್ ಅಲ್ಲ, ಆಗದಂತೆ ಈಗಲೇ ತಡೆಯಬಹುದು, ಇಂಥ ದಿನ ತಾಲ್ಲೂಕು ಆಸ್ಪತ್ರೆಗೆ ನಾನೂ ಬರುತ್ತೇನೆ’ ಎಂದು ದಿನ ಗೊತ್ತುಮಾಡಿ ಹೇಳಿ ನೋಡಿ. ಸಾಧ್ಯವಿದ್ದಲ್ಲಿ ಅದೇ ದಿನ, ಅದೇ ಮೇಜಿನ ಮೇಲೆ ಥರ್ಮಲ್ ಅಬ್ಲೇಶನ್ ಮುಗಿಸುವ ವ್ಯವಸ್ಥೆ ಮಾಡಿಕೊಳ್ಳುವಂತೆ ನಿಮ್ಮ ವೈದ್ಯಾಧಿಕಾರಿಯವರಲ್ಲಿ ಕೇಳಿ.

ಪ್ರಶ್ನೆ: ಮಗಳಿಗೆ 12 ವರ್ಷ. ಎಚ್‌ಪಿವಿ ಲಸಿಕೆ ಹಾಕಿಸಿದರೆ ಮುಂದೆ ಪರೀಕ್ಷೆಯೇ ಬೇಡವಂತೆ, ನಿಜವೇ? ನನಗೂ (39) ಹಾಕಿಸಬಹುದೇ?
– ಓದುಗರು, ಪುತ್ತೂರು

ಉತ್ತರ: ಮಗಳಿಗೆ ಖಂಡಿತ ಹಾಕಿಸಿ. 9ರಿಂದ 14 ವರ್ಷದವರಿಗೆ ಆರು ತಿಂಗಳ ಅಂತರದಲ್ಲಿ ಎರಡು ಡೋಸ್. 15 ದಾಟಿದರೆ ಮೂರು. ಒಂದೇ ಡೋಸ್ ಕೂಡ ಸಾಕಾಗಬಹುದೆಂದು ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೇಳಿತು. ಅದಕ್ಕೆ ನೆರವಾದ ಮುಖ್ಯ ಪುರಾವೆಗಳಲ್ಲೊಂದು ಭಾರತದ್ದೇ. 2010ರಲ್ಲಿ ಇಲ್ಲಿನ ಲಸಿಕೆ ಅಧ್ಯಯನ ಅರ್ಧಕ್ಕೇ ನಿಂತು ಸಾವಿರಾರು ಹುಡುಗಿಯರಿಗೆ ಒಂದೇ ಡೋಸ್ ಸಿಕ್ಕಿತ್ತು, ಹತ್ತು ವರ್ಷ ಕಳೆದರೂ ಅವರ ರಕ್ಷಣೆ ಎರಡು ಮೂರು ಡೋಸ್ ಪಡೆದವರಿಗೆ ಸರಿಸಮನಾಗಿತ್ತು. ಪುಣೆಯ ಸೀರಮ್ ಇನ್‌ಸ್ಟಿಟ್ಯೂಟಿನ ಸರ್ವಾವ್ಯಾಕ್ 2023ರಲ್ಲಿ ಬಿಡುಗಡೆಯಾಗಿ ಬೆಲೆಯೂ ಇಳಿದಿದೆ. ಆದರೂ ಮಗಳು 30 ದಾಟಿದ ಮೇಲೆ ತಪಾಸಣೆ ಬೇಕೇ ಬೇಕು, ಯಾಕೆಂದರೆ ಕ್ಯಾನ್ಸರ್ ತರುವ ಎಲ್ಲ ಬಗೆಗಳನ್ನೂ ಲಸಿಕೆ ತಡೆಯುವುದಿಲ್ಲ. ಈಗಾಗಲೇ ಇರುವ ಸೋಂಕನ್ನು ಅದು ವಾಸಿಮಾಡುವುದೂ ಇಲ್ಲ. ಆದ್ದರಿಂದ 39ರಲ್ಲಿ ನಿಮ್ಮ ಹಣ ಲಸಿಕೆಗಿಂತ ಎಚ್‌ಪಿವಿ ಪರೀಕ್ಷೆಗೆ ಹೋಗಲಿ.

ಪ್ರಶ್ನೆ: ನಮ್ಮ ಅತ್ತೆಯವರಿಗೆ 61. ಮುಟ್ಟು ನಿಂತು ಹತ್ತು ವರ್ಷವಾಗಿದೆ. ಎರಡು ತಿಂಗಳಿನಿಂದ ಆಗಾಗ ಸ್ವಲ್ಪ ರಕ್ತ ಕಾಣಿಸಿಕೊಳ್ಳುತ್ತಿದೆ. ಕಳೆದ ವರ್ಷ ಪ್ಯಾಪ್ ಸರಿಯಿತ್ತು, ಹಾಗಾಗಿ ಉಷ್ಣ ಇರಬೇಕೆಂದು ಸುಮ್ಮನಿದ್ದಾರೆ. ಮತ್ತೊಮ್ಮೆ ಪ್ಯಾಪ್ ಮಾಡಿಸಲೇ?
– ಓದುಗರು, ಶಿರಸಿ

ಉತ್ತರ: ಪ್ಯಾಪ್‌ಗಾಗಿ ಕಾಯಬೇಡಿ. ತಪಾಸಣೆ ಎಂಬುದು ಯಾವ ಲಕ್ಷಣವೂ ಇಲ್ಲದವರಿಗೆ. ಮುಟ್ಟು ನಿಂತ ಮೇಲೆ ರಕ್ತ ಕಂಡರೆ, ಸಂಭೋಗದ ನಂತರ ರಕ್ತ ಬಂದರೆ, ದುರ್ವಾಸನೆಯ ಅಥವಾ ರಕ್ತ ಬೆರೆತ ಸ್ರಾವವಿದ್ದರೆ ಬೇಕಾಗುವುದು ವೈದ್ಯರ ನೇರ ಪರೀಕ್ಷೆ ಮತ್ತು ಅಗತ್ಯವಿದ್ದರೆ ಬಯಾಪ್ಸಿ. ಕಳೆದ ವರ್ಷದ ಒಳ್ಳೆಯ ವರದಿ ಇಂದಿನ ರಕ್ತಸ್ರಾವಕ್ಕೆ ಸಮಾಧಾನವಾಗುವುದಿಲ್ಲ. ಅದರಲ್ಲೂ ಈ ವಯಸ್ಸಿನಲ್ಲಿ ಗರ್ಭಕೋಶದ ಒಳಪದರದ ಕ್ಯಾನ್ಸರಿನ ಸಾಧ್ಯತೆಯನ್ನೂ ನೋಡಬೇಕಾಗುತ್ತದೆ, ಪ್ಯಾಪ್ ಅದನ್ನು ಹುಡುಕಲೆಂದು ಮಾಡಿದ ಪರೀಕ್ಷೆಯೇ ಅಲ್ಲ. ಯೋನಿಯ ಒಣಗುವಿಕೆಯಿಂದಲೂ ಹೀಗಾಗಬಹುದು, ಹೆಚ್ಚಿನವರಲ್ಲಿ ಕಾರಣ ಅಂಥ ಸಣ್ಣದ್ದೇ. ಆದರೆ ಅದನ್ನು ತೀರ್ಮಾನಿಸುವುದು ಪರೀಕ್ಷೆ ಮಾಡಿದ ಮೇಲೆ. ಈ ವಾರವೇ ಸ್ತ್ರೀರೋಗ ತಜ್ಞರ ಬಳಿ ಕರೆದುಕೊಂಡು ಹೋಗಿ. ಗರ್ಭಕಂಠವನ್ನು ಕಣ್ಣಿಂದ ನೋಡಿ, ಯೋನಿಯ ಮೂಲಕ ಸ್ಕ್ಯಾನಿಂಗ್ ಮಾಡಿ ಒಳಪದರದ ದಪ್ಪ ಅಳೆದು, ಬೇಕಾದರೆ ಅದರ ಚೂರನ್ನು ತೆಗೆದು ಕಳಿಸುತ್ತಾರೆ. ರಕ್ತ ತೆಳುವಾಗಿಸುವ ಮಾತ್ರೆ ಅಥವಾ ಸ್ತನ ಕ್ಯಾನ್ಸರಿಗೆ ಕೊಡುವ ಟ್ಯಾಮೊಕ್ಸಿಫೆನ್ ತೆಗೆದುಕೊಳ್ಳುತ್ತಿದ್ದರೆ ಆ ಚೀಟಿಗಳನ್ನೂ ಜೊತೆಗೆ ಒಯ್ಯಿರಿ.